ಕಸವನ್ನು ಬೇರ್ಪಡಿಸಿ ಕೊಟ್ಟರೆ ಸಾಕೇ?

ಪ್ರಶ್ನೆ: ನಾವು ಮನೆಯ ಒಣಕಸವನ್ನೆಲ್ಲ ತೊಳೆದು, ಒಣಗಿಸಿ, ಬೇರೆ ಬೇರೆ ಚೀಲಗಳಲ್ಲಿ ಹಾಕಿ ಮರುಬಳಕೆಗೆ ಕೊಡುತ್ತೇವೆ. ಹಲವು ವರ್ಷಗಳಿಂದ ತಪ್ಪದೆ ಹೀಗೆ ಮಾಡುತ್ತಿದ್ದರೂ ಚೀಲಗಳ ಸಂಖ್ಯೆ ಮಾತ್ರ ಕಡಿಮೆಯಾಗಿಲ್ಲ. ನಾವು ಕೊಟ್ಟದ್ದು ನಿಜವಾಗಿಯೂ ಮತ್ತೆ ಬಳಕೆಗೆ ಬರುತ್ತದೆಯೇ, ಅಥವಾ ಇದೆಲ್ಲ ನಮ್ಮ ಮನಸ್ಸಿನ ಸಮಾಧಾನಕ್ಕಷ್ಟೇ ಆಗುತ್ತಿದೆಯೇ?

ಉತ್ತರ: ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲು ಮೊದಲ ಅಡ್ಡಿ ‘ಮರುಬಳಕೆ’ ಎಂಬ ಪದವೇ. ಒಂದಕ್ಕೊಂದು ಬಹುದೂರದ ಎರಡು ಕೆಲಸಗಳನ್ನು ನಾವು ಕನ್ನಡದಲ್ಲಿ ಈ ಒಂದೇ ಹೆಸರಿನಿಂದ ಕರೆಯುತ್ತೇವೆ. ಖಾಲಿಯಾದ ಗಾಜಿನ ಭರಣಿಯನ್ನು ತೊಳೆದು ಅದರಲ್ಲಿ ಮತ್ತೇನನ್ನೋ ತುಂಬಿಡುವುದೂ ಮರುಬಳಕೆ. ಅದೇ ಭರಣಿಯನ್ನು ಚೂರು ಮಾಡಿ, ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಕರಗಿಸಿ, ಹೊಸ ಭರಣಿಯಾಗಿಸುವುದೂ ಮರುಬಳಕೆ. ಮೊದಲನೆಯದಕ್ಕೆ ಒಂದಿಷ್ಟು ನೀರು ಸಾಕು, ಎರಡನೆಯದಕ್ಕೆ ಲಾರಿ, ಕಾರ್ಖಾನೆ, ಇಂಧನ ಎಲ್ಲವೂ ಬೇಕು. ಗೊಂದಲವಾಗದಿರಲೆಂದು ಈ ಉತ್ತರದಲ್ಲಿ ಮೊದಲನೆಯದನ್ನು ಮಾತ್ರ ಮರುಬಳಕೆ ಎಂದೂ, ಎರಡನೆಯದನ್ನು ಮರುಸಂಸ್ಕರಣೆ ಎಂದೂ ಕರೆಯುತ್ತೇನೆ. ನೀವು ಚೀಲ ತುಂಬಿ ಕೊಡುತ್ತಿರುವುದು ಮರುಸಂಸ್ಕರಣೆಗೆ, ಮತ್ತು ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ನಿಮ್ಮ ಶ್ರದ್ಧೆಗಿಂತ ಹೆಚ್ಚಾಗಿ ಆ ಚೀಲದೊಳಗಿರುವ ವಸ್ತುವೇ ನಿರ್ಧರಿಸುತ್ತದೆ.

ಲೋಹವಾದರೆ ಚಿಂತೆಯಿಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ಪಡೆಯುವುದು ಅಪಾರ ವಿದ್ಯುತ್ತನ್ನು ನುಂಗುವ ಕೆಲಸ, ಏಕೆಂದರೆ ಅಲ್ಲಿ ಲೋಹವನ್ನು ಆಮ್ಲಜನಕದ ಬಿಗಿಯಾದ ಹಿಡಿತದಿಂದ ಬಿಡಿಸಬೇಕಾಗುತ್ತದೆ. ಹಳೆಯ ಡಬ್ಬಿಯನ್ನು ಕರಗಿಸುವಾಗ ಆ ಕಷ್ಟವಿಲ್ಲ, ಸುಮಾರು 660 ಡಿಗ್ರಿ ಉಷ್ಣತೆ ತಲುಪಿಸಿದರೆ ಅದು ದ್ರವವಾಗುತ್ತದೆ. ಹೀಗಾಗಿ ಹೊಸ ಲೋಹಕ್ಕೆ ಬೇಕಾಗುವ ಶಕ್ತಿಯಲ್ಲಿ ಶೇ. 95ರಷ್ಟು ಉಳಿತಾಯವಾಗುತ್ತದೆ. ಉಕ್ಕನ್ನು ಕಸದ ರಾಶಿಯಿಂದ ಆಯಸ್ಕಾಂತವೇ ಎತ್ತಿಕೊಡುತ್ತದೆ. ಗುಜರಿ ವ್ಯಾಪಾರಿ ಯಾವ ದೇಶದವನಾದರೂ ಮೊದಲು ಕೇಳುವುದು ಲೋಹವನ್ನೇ ಎಂಬುದಕ್ಕೆ ಕಾರಣ ಇಷ್ಟು ಸರಳ. ಗಾಜನ್ನೂ ಎಷ್ಟು ಸಲವಾದರೂ ಕರಗಿಸಬಹುದು, ಅದರ ಗುಣ ಕುಂದುವುದಿಲ್ಲ. ಆದರೆ ಕರಗಿಸಲು ಬೇಕಾದ ಶಾಖ ಹೆಚ್ಚಾದ್ದರಿಂದ, ಕುಲುಮೆಗೆ ಹಾಕುವ ಕಚ್ಚಾವಸ್ತುವಿನಲ್ಲಿ ಹಳೆಯ ಗಾಜಿನ ಪಾಲು ಶೇ. 10ರಷ್ಟು ಏರಿದಾಗ ಉಳಿತಾಯವಾಗುವ ಶಕ್ತಿ ಶೇ. 3ರ ಆಸುಪಾಸಿನಲ್ಲಷ್ಟೇ ಇರುತ್ತದೆ. ಬಣ್ಣದ ಗಾಜು ಬಿಳಿ ಗಾಜಿನೊಡನೆ ಬೆರೆಯಬಾರದು, ಒಲೆಯ ಮೇಲಿಡುವ ಶಾಖನಿರೋಧಕ ಗಾಜಿನ ಪಾತ್ರೆಯಂತೂ ಸೀಸೆಗಳ ಜೊತೆ ಸೇರಲೇಬಾರದು, ಏಕೆಂದರೆ ಅದು ಕರಗುವ ಉಷ್ಣತೆಯೇ ಬೇರೆ. ಕಾಗದದ ನಾರು ಪ್ರತಿ ಸುತ್ತಿನಲ್ಲೂ ಚಿಕ್ಕದಾಗುತ್ತ ಹೋಗಿ, ಸಾಮಾನ್ಯವಾಗಿ ಐದರಿಂದ ಏಳು ಸುತ್ತುಗಳ ನಂತರ ಕೈಕೊಡುತ್ತದೆ. ಎಣ್ಣೆ ಹೀರಿಕೊಂಡ ಕಾಗದ ಮೊದಲ ಸುತ್ತಿಗೂ ಒದಗುವುದಿಲ್ಲ.

ನಿಮ್ಮ ಸಂದೇಹ ಹುಟ್ಟಿರುವುದು ಬಹುಶಃ ಪ್ಲಾಸ್ಟಿಕ್ ಚೀಲವನ್ನು ನೋಡಿಯೇ ಇರಬೇಕು, ಮತ್ತು ಅಲ್ಲಿ ಅದು ನ್ಯಾಯವಾದ ಸಂದೇಹ. 2017ರಲ್ಲಿ ಪ್ರಕಟವಾದ, ಈ ವಿಷಯದಲ್ಲಿ ಈಗಲೂ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಅಧ್ಯಯನವೊಂದರ ಪ್ರಕಾರ, 1950ರಿಂದ 2015ರವರೆಗೆ ಜಗತ್ತು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸಿತು. 2015ರ ಹೊತ್ತಿಗೆ ಕಸವಾಗಿದ್ದ ಪ್ಲಾಸ್ಟಿಕ್ ಸುಮಾರು 630 ಕೋಟಿ ಟನ್, ಅದರಲ್ಲಿ ಶೇ. 9ರಷ್ಟು ಮಾತ್ರ ಮರುಸಂಸ್ಕರಣೆಗೊಂಡಿತ್ತು, ಶೇ. 12ರಷ್ಟನ್ನು ಸುಡಲಾಗಿತ್ತು, ಮಿಕ್ಕ ಶೇ. 79ರಷ್ಟು ಕಸದ ಗುಂಡಿಗಳಲ್ಲೋ ನೆಲ, ನೀರುಗಳಲ್ಲೋ ಉಳಿದಿತ್ತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ಅಧ್ಯಯನದ ಇನ್ನೊಂದು ಅಂಶ: ಆ ಶೇ. 9ರಲ್ಲಿಯೂ ಒಂದಕ್ಕಿಂತ ಹೆಚ್ಚು ಸಲ ಮರುಸಂಸ್ಕರಣೆಗೊಂಡದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ಬಹುತೇಕ ಪ್ಲಾಸ್ಟಿಕ್ಕಿಗೆ ಮರುಸಂಸ್ಕರಣೆ ಎಂದರೆ ಗುಂಡಿ ಸೇರುವ ಮುನ್ನ ಸಿಗುವ ಒಂದು ಹೆಚ್ಚುವರಿ ಜನ್ಮವಷ್ಟೇ.

ಹೀಗೇಕೆ ಎಂಬುದು ತಿಳಿಯಬೇಕಾದರೆ ಡಬ್ಬಿಯ ತಳದಲ್ಲಿರುವ ಗುರುತನ್ನು ನೋಡಬೇಕು. ಒಂದರ ಹಿಂದೊಂದು ಓಡುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಅಮೆರಿಕದ ವಿದ್ಯಾರ್ಥಿ ಗ್ಯಾರಿ ಆಂಡರ್ಸನ್, ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿಯೊಂದು ನಡೆಸಿದ ಸ್ಪರ್ಧೆಗಾಗಿ ರಚಿಸಿದರು. ಅದು ಹುಟ್ಟಿದ್ದು ಕಾಗದಕ್ಕಾಗಿ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮ ಅದನ್ನೇ ಹೋಲುವ ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿಗಳನ್ನು ಇಟ್ಟಿತು. ಆ ಅಂಕಿ ಹೇಳುವುದು ಆ ವಸ್ತು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನು ಮಾತ್ರ, ಅದು ಮರುಸಂಸ್ಕರಣೆಯಾಗುತ್ತದೆ ಎಂಬ ಭರವಸೆಯನ್ನಲ್ಲ. ಓದುವವರು ಮೋಸಹೋಗುತ್ತಿದ್ದಾರೆ ಎಂಬುದು ಅರಿವಾಗಿ 2013ರಲ್ಲಿ ಬಾಣಗಳನ್ನು ತೆಗೆದು ಬರಿಯ ತ್ರಿಕೋನ ಸಾಕು ಎಂದು ಮಾನದಂಡ ಬದಲಾಯಿತಾದರೂ, ಹಳೆಯ ಅಚ್ಚುಗಳಿಂದ ಬರುವ ಬಾಣದ ಗುರುತು ಇನ್ನೂ ಮಾಯವಾಗಿಲ್ಲ. ಸಾಮಾನ್ಯವಾಗಿ ಕೊಳ್ಳುವವರಿರುವುದು 1ರ ಗುರುತಿನ ನೀರಿನ ಸೀಸೆಗಳಿಗೆ, 2ರ ಗುರುತಿನ ಗಟ್ಟಿ ಡಬ್ಬಿಗಳಿಗೆ, ಕೆಲವೆಡೆ 5ರ ಗುರುತಿನವಕ್ಕೆ.

ಏಳು ಜಾತಿಗಳೂ ಒಟ್ಟಿಗೆ ಕರಗುವಂತಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಪೆಟ್ ಎಂದು ಕರೆಯುವ 1ನೇ ಜಾತಿ ಕರಗುವುದು ಸುಮಾರು 250 ಡಿಗ್ರಿಯ ಮೇಲೆ. ಆ ಶಾಖದಲ್ಲಿ 3ನೇ ಜಾತಿಯಾದ ಪಿವಿಸಿ ಸೀದುಹೋಗಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ, ಮತ್ತು ಅದರ ಒಂದಿಷ್ಟು ಚೂರುಗಳೇ ಇಡೀ ಪಾಕವನ್ನು ಹಳದಿಗೆ ತಿರುಗಿಸಿ ಬಲಗುಂದಿಸುತ್ತವೆ. ತಿಂಡಿಯ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ಕಿನ ಪದರಗಳಿಗೆ ಅಲ್ಯೂಮಿನಿಯಂನ ತೆಳು ಲೇಪವನ್ನು ಬಿಡಿಸಲಾಗದಂತೆ ಬೆಸೆದ ವಸ್ತು. ಅದನ್ನು ಎಷ್ಟು ಚೊಕ್ಕವಾಗಿ ತೊಳೆದು ಕೊಟ್ಟರೂ ಪದರಗಳನ್ನು ಬೇರ್ಪಡಿಸುವ ಖರ್ಚು ಅದರಿಂದ ಸಿಗುವ ಮಾಲಿನ ಬೆಲೆಯನ್ನು ಮೀರುತ್ತದೆ. ಕಪ್ಪು ಪ್ಲಾಸ್ಟಿಕ್ ತಟ್ಟೆಯ ಕಥೆ ಇನ್ನೂ ವಿಚಿತ್ರ. ದೊಡ್ಡ ಘಟಕಗಳಲ್ಲಿ ಪ್ಲಾಸ್ಟಿಕ್ಕಿನ ಜಾತಿಯನ್ನು ಗುರುತಿಸುವ ಯಂತ್ರಗಳು ಅವಕೆಂಪು ಬೆಳಕನ್ನು ಹಾಯಿಸಿ, ತಿರುಗಿ ಬರುವ ಬೆಳಕನ್ನು ಓದುತ್ತವೆ. ಕಪ್ಪು ಬಣ್ಣಕ್ಕಾಗಿ ಬೆರೆಸಿದ ಇಂಗಾಲದ ಪುಡಿ ಆ ಬೆಳಕನ್ನೆಲ್ಲ ಹೀರಿಕೊಳ್ಳುವುದರಿಂದ, ಒಳ್ಳೆಯ ಜಾತಿಯ ಪ್ಲಾಸ್ಟಿಕ್ಕೂ ಯಂತ್ರದ ಕಣ್ಣಿಗೆ ಬೀಳದೆ ಕಸದ ಕಡೆಗೆ ಸಾಗಿಬಿಡುತ್ತದೆ. ‘ಮಣ್ಣಾಗುವ ಪ್ಲಾಸ್ಟಿಕ್’ ಎಂದು ಮಾರುವ ಲೋಟಗಳಲ್ಲಿ ಹಲವು ಪಿಎಲ್‌ಎ ಎಂಬ ವಸ್ತುವಿನವು. ಅವು ಕೊಳೆಯಲು ದಿನಗಟ್ಟಲೆ 60 ಡಿಗ್ರಿಯ ಸುಮಾರಿನ ಬಿಸಿ ಬೇಕು, ಅದು ಮನೆಯ ಗೊಬ್ಬರದ ಕುಂಡದಲ್ಲಿ ಸಿಗುವುದು ಅಪರೂಪ. ನೋಡಲು ಪೆಟ್‌ನಂತೆಯೇ ಇರುವುದರಿಂದ ಒಣಕಸಕ್ಕೆ ಸೇರಿ ಅದನ್ನೂ ಕೆಡಿಸುತ್ತವೆ.

ಇದನ್ನೆಲ್ಲ ಓದಿ ಬೇರ್ಪಡಿಸುವುದನ್ನೇ ನಿಲ್ಲಿಸಿದರೆ ಅದು ತಪ್ಪು ತೀರ್ಮಾನ. ಲೋಹ, ಗಾಜು, ಒಣ ಕಾಗದ ಮತ್ತು ಒಂದೆರಡು ಜಾತಿಯ ಪ್ಲಾಸ್ಟಿಕ್ ಮರಳಿ ಬಳಕೆಗೆ ಬರಬೇಕಾದರೆ ಅವು ಹಸಿಕಸದೊಡನೆ ಬೆರೆಯದೆ ಬರುವುದೇ ಮೊದಲ ಷರತ್ತು, ಮತ್ತು ಆ ಷರತ್ತನ್ನು ಪೂರೈಸಲು ಸಾಧ್ಯವಿರುವುದು ಮನೆಯಲ್ಲಿ ಮಾತ್ರ. ಆದರೆ ತೊಳೆಯುವುದಕ್ಕೆ ಮಿತಿ ಇರಲಿ: ಪಾತ್ರೆ ತೊಳೆದು ಮಿಕ್ಕ ನೀರಿನಲ್ಲಿ ಒಮ್ಮೆ ಅಲುಗಾಡಿಸಿದರೆ ಸಾಕು, ಸೋಪು, ಬಿಸಿನೀರು ಬೇಕಿಲ್ಲ. ಸೀಸೆಯ ಮುಚ್ಚಳದ ಬಗ್ಗೆ ಹಲವರು ಕೇಳುತ್ತಾರೆ. ಚೂರು ಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗಿ ಮುಚ್ಚಳದ ಚೂರು ತೇಲುವುದರಿಂದ ಅವೆರಡನ್ನೂ ಬೇರ್ಪಡಿಸುವುದು ಘಟಕದವರಿಗೆ ಕಷ್ಟವಲ್ಲ. ಅವರಿಗೆ ಕಷ್ಟವಾಗುವುದು, ‘ಇದೂ ಆಗಬಹುದೇನೋ’ ಎಂಬ ಆಸೆಯಿಂದ ನಾವು ಚೀಲಕ್ಕೆ ಸೇರಿಸುವ ಹರಕು ಮುರುಕುಗಳಿಂದ. ಬೇರೆ ದೇಶದವರು ಬೇರ್ಪಡಿಸಿದ್ದೇವೆಂದು ಕಳುಹಿಸುತ್ತಿದ್ದ ಪ್ಲಾಸ್ಟಿಕ್ ಮತ್ತು ಕಾಗದದಲ್ಲಿ ಇಂಥ ಬೆರಕೆಯೇ ಹೆಚ್ಚೆಂದು ಚೀನಾ 2018ರ ಆರಂಭದಿಂದ 24 ಬಗೆಯ ಕಸದ ಆಮದನ್ನು ನಿಷೇಧಿಸಿದಾಗ, ಕೊಳ್ಳುವವರಿಲ್ಲದೆ ಎಷ್ಟೋ ಕಡೆ ರಾಶಿಗಳು ಹಾಗೆಯೇ ಉಳಿದವು. ಅಪಾಯಕಾರಿ ಕಸ ದೇಶದಿಂದ ದೇಶಕ್ಕೆ ಸಾಗುವುದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಬಾಸೆಲ್ ಒಪ್ಪಂದವೂ 2021ರಿಂದ ಕೊಳಕು ಬೆರೆತ ಪ್ಲಾಸ್ಟಿಕ್ಕನ್ನು, ಪಡೆಯುವ ದೇಶದ ಒಪ್ಪಿಗೆಯಿಲ್ಲದೆ ಗಡಿ ದಾಟಿಸುವಂತಿಲ್ಲ ಎಂದಿದೆ.

ಈಗ ಪ್ರಶ್ನೆಯ ಎರಡನೆಯ ಭಾಗ: ಚೀಲಗಳೇಕೆ ಕಡಿಮೆಯಾಗುತ್ತಿಲ್ಲ? ಬೇರ್ಪಡಿಸುವುದು ಕಸದ ದಾರಿಯನ್ನು ಬದಲಿಸುತ್ತದೆಯೇ ಹೊರತು ಅದರ ಪ್ರಮಾಣವನ್ನಲ್ಲ. ಒಮ್ಮೊಮ್ಮೆ ಅದು ಪ್ರಮಾಣವನ್ನು ಹೆಚ್ಚಿಸುವುದೂ ಉಂಟು. ಜೆಸ್ಸಿ ಕ್ಯಾಟ್ಲಿನ್ ಮತ್ತು ಯಿಟಾಂಗ್ ವಾಂಗ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತರಿಯೊಂದು ಹೇಗಿದೆ ಎಂದು ಪರೀಕ್ಷಿಸಲು ಜನರಿಗೆ ಕಾಗದ ಕೊಟ್ಟರು. ಪಕ್ಕದಲ್ಲಿ ಮರುಸಂಸ್ಕರಣೆಯ ಬುಟ್ಟಿ ಇದ್ದವರು, ಕೇವಲ ಕಸದ ಬುಟ್ಟಿ ಇದ್ದವರಿಗಿಂತ ಹೆಚ್ಚು ಕಾಗದ ಕತ್ತರಿಸಿದರು. ಹೇಗೂ ವ್ಯರ್ಥವಾಗುವುದಿಲ್ಲವಲ್ಲ ಎಂಬ ಭಾವನೆ ಕೈಯನ್ನು ಸಡಿಲಗೊಳಿಸುತ್ತದೆ. ನೀವು ಹೇಳಿದ ‘ಮನಸ್ಸಿನ ಸಮಾಧಾನ’ದ ಅಪಾಯ ಇದೇ ಇರಬೇಕು. ಕಸದ ನೀತಿ ರೂಪಿಸುವವರು ಬಹಳ ಹಿಂದೆಯೇ ಈ ಕ್ರಮವನ್ನು ಏಣಿಯಾಗಿ ಬರೆದಿಟ್ಟಿದ್ದಾರೆ: 1979ರಲ್ಲಿ ನೆದರ್ಲೆಂಡ್ಸ್‌ನ ಸಂಸತ್ತಿನಲ್ಲಿ ಆಡ್ ಲಾನ್‌ಸಿಂಕ್ ಮಂಡಿಸಿದ, 2008ರಲ್ಲಿ ಐರೋಪ್ಯ ಒಕ್ಕೂಟದ ಕಾನೂನಿನಲ್ಲಿಯೂ ಸ್ಥಾನ ಪಡೆದ ಏಣಿಯಲ್ಲಿ ಕಸ ಹುಟ್ಟದಂತೆ ನೋಡಿಕೊಳ್ಳುವುದು ಮೇಲಿನ ಮೆಟ್ಟಿಲು, ಮರುಬಳಕೆ ಅದರ ಕೆಳಗೆ, ಮರುಸಂಸ್ಕರಣೆ ಅದಕ್ಕೂ ಕೆಳಗೆ. ನೀವು ಮೂರನೆಯ ಮೆಟ್ಟಿಲನ್ನು ಚೆನ್ನಾಗಿ ಗುಡಿಸಿಟ್ಟಿದ್ದೀರಿ.

ಎರಡನೆಯ ಮೆಟ್ಟಿಲಿನ ಬಗ್ಗೆಯೂ ಒಂದು ಭ್ರಮೆ ಇದೆ: ಮರುಬಳಕೆಯ ವಸ್ತುವನ್ನು ಕೊಂಡುಕೊಂಡರೆ ಮರುಬಳಕೆ ಆಗಿಹೋಯಿತು ಎಂಬುದು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಚೀಲಗಳನ್ನು ಹೋಲಿಸಿ ಲೆಕ್ಕ ಹಾಕಿದಾಗ, ಹವಾಮಾನದ ಮೇಲಿನ ಪರಿಣಾಮದಲ್ಲಿ ಒಂದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು ಎಂದು ಕಂಡುಬಂತು. ಆ ಪ್ಲಾಸ್ಟಿಕ್ ಚೀಲಗಳಲ್ಲಿ ಶೇ. 40ರಷ್ಟನ್ನು ಜನ ಕಸದ ಬುಟ್ಟಿಗೆ ಹಾಕಲು ಮತ್ತೊಮ್ಮೆ ಬಳಸುತ್ತಾರೆಂದು ಹಿಡಿದರೆ ಆ ಸಂಖ್ಯೆ 173ಕ್ಕೆ ಏರಿತು. ಹತ್ತಿ ಬೆಳೆಯಲು ಬೇಕಾಗುವ ನೀರು, ಗೊಬ್ಬರ, ನೂಲು ತೆಗೆಯುವ ಶಕ್ತಿ ಅಷ್ಟಿದೆ. ಈ ಲೆಕ್ಕ ಚರಂಡಿಯಲ್ಲೋ ಸಮುದ್ರದಲ್ಲೋ ತೇಲುವ ಪ್ಲಾಸ್ಟಿಕ್ಕಿನ ಹಾನಿಯನ್ನು ಒಳಗೊಂಡಿಲ್ಲವಾದ್ದರಿಂದ, ಪ್ಲಾಸ್ಟಿಕ್ ಚೀಲವೇ ಮೇಲು ಎಂದು ಅರ್ಥವಲ್ಲ. ವಾರಕ್ಕೆ ಎರಡು ಸಲ ಒಯ್ಯುವ ಒಂದೇ ಹತ್ತಿಯ ಚೀಲ ಒಂದೂಕಾಲು ವರ್ಷದಲ್ಲಿ ತನ್ನ ಋಣ ತೀರಿಸುತ್ತದೆ. ಸಮಾರಂಭಗಳಲ್ಲಿ ಉಡುಗೊರೆಯಾಗಿ ಬಂದು ಬಾಗಿಲ ಹಿಂದೆ ನೇತಾಡುವ ಹನ್ನೆರಡು ಚೀಲಗಳು ಆ ಋಣವನ್ನು ಎಂದೂ ತೀರಿಸಲಾರವು. ಈಗಾಗಲೇ ಮನೆಯಲ್ಲಿರುವ ಹಳೆಯ ಚೀಲ, ಅದು ಪ್ಲಾಸ್ಟಿಕ್ಕಿನದೇ ಆಗಿದ್ದರೂ, ಹರಿಯುವವರೆಗೆ ಬಳಸುವುದಕ್ಕಿಂತ ಅಗ್ಗದ ಪರಿಸರ ರಕ್ಷಣೆ ನನಗಂತೂ ತೋರುತ್ತಿಲ್ಲ.

ಮೇಲಿನ ಮೆಟ್ಟಿಲಿಗೆ ಬಂದರೆ ನೋಡಬೇಕಾದದ್ದು ಒಣಕಸವನ್ನಲ್ಲ, ಹಸಿಕಸವನ್ನು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಬಳಕೆದಾರರಿಗೆ ಲಭ್ಯವಿದ್ದ ಆಹಾರದಲ್ಲಿ ಇದು ಶೇ. 19ರಷ್ಟು, ಇದರಲ್ಲಿ ಶೇ. 60ರಷ್ಟು ಬಿಸಾಡಿದ್ದು ಮನೆಗಳೇ. ಗುಂಡಿಯ ಆಳದಲ್ಲಿ ಗಾಳಿಯಿಲ್ಲದೆ ಕೊಳೆಯುವ ಹಸಿಕಸ ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಮೀಥೇನಿನ ತಾಪ ಹಿಡಿದಿಡುವ ಶಕ್ತಿ ಸುಮಾರು 28 ಪಟ್ಟು. ಗಾಳಿಯಾಡುವ ಕುಂಡದಲ್ಲಿ, ಒಣ ಎಲೆಗಳೊಡನೆ ಬೆರೆಸಿ ಗೊಬ್ಬರ ಮಾಡಿದರೆ ಈ ಅನಿಲ ಬಹುಮಟ್ಟಿಗೆ ತಪ್ಪುತ್ತದೆ. ಕೊಳ್ಳುವ ಮುನ್ನ ಮನೆಯಲ್ಲಿ ಏನು ಉಳಿದಿದೆ ಎಂದು ನೋಡಿಕೊಂಡರೆ ಗೊಬ್ಬರದ ಕುಂಡಕ್ಕೂ ಅಷ್ಟು ಕೆಲಸವಿರುವುದಿಲ್ಲ.

ವಿದ್ಯುನ್ಮಾನ ಸಾಧನಗಳ ವಿಷಯದಲ್ಲಿ ಮೇಲಿನ ಮೆಟ್ಟಿಲೆಂದರೆ ಇನ್ನೊಂದೆರಡು ವರ್ಷ ಹಳೆಯದರಲ್ಲೇ ನಡೆಸುವುದು. ಸ್ಮಾರ್ಟ್‌ಫೋನಿನಿಂದ ಆಗುವ ಮಾಲಿನ್ಯದ ಬಹುಪಾಲು ಅದನ್ನು ನಾವು ಪೆಟ್ಟಿಗೆಯಿಂದ ತೆಗೆಯುವ ಮೊದಲೇ, ತಯಾರಿಕೆಯಲ್ಲಿ ಆಗಿಹೋಗಿರುತ್ತದೆ. ಹಳೆಯದನ್ನು ಮರುಸಂಸ್ಕರಣೆಗೆ ಕೊಟ್ಟು ಸರಿದೂಗಿಸುತ್ತೇವೆ ಎನ್ನುವಂತೆಯೂ ಇಲ್ಲ: 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ಕಸದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೊಂಡದ್ದು ಶೇ. 22.3 ಮಾತ್ರ ಎಂದು ದಾಖಲಾಗಿದೆ. ಫ್ರಾನ್ಸ್ 2021ರ ಜನವರಿಯಿಂದ ಫೋನು, ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳ ಮೇಲೆ, ಅವನ್ನು ದುರಸ್ತಿ ಮಾಡುವುದು ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಕೊಟ್ಟು ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಅಂಥ ಅಂಕ ಇಲ್ಲದ ಕಡೆ, ಬ್ಯಾಟರಿ ಬದಲಿಸಲು ಆಗುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಅಂಗಡಿಯಲ್ಲಿಯೇ ಕೇಳಬಹುದು.

ಚೀಲಗಳ ಸಂಖ್ಯೆ ಇಳಿಯಬೇಕಿದ್ದರೆ, ಮುಂದಿನ ಸಲ ಕೊಡುವ ಮುನ್ನ ಪ್ಲಾಸ್ಟಿಕ್ ಚೀಲವನ್ನು ಒಮ್ಮೆ ನೆಲದ ಮೇಲೆ ಸುರಿದು ನೋಡಿ. ಅತಿ ಹೆಚ್ಚು ಜಾಗ ಹಿಡಿದಿರುವ ಎರಡು ಮೂರು ಬಗೆಯ ವಸ್ತುಗಳು ಕೂಡಲೇ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಮೇಲೆ ಹೇಳಿದ ಪದರ ಬೆಸೆದ ಪೊಟ್ಟಣಗಳೇ ಹೆಚ್ಚಿದ್ದರೆ, ಅವುಗಳಲ್ಲಿ ಯಾವುದನ್ನು ದೊಡ್ಡ ಪೊಟ್ಟಣದಲ್ಲಿ, ಯಾವುದನ್ನು ಗಾಜು ಅಥವಾ ಲೋಹದ ಡಬ್ಬಿಯಲ್ಲಿ ಕೊಳ್ಳಬಹುದು, ಯಾವುದಿಲ್ಲದೆಯೂ ನಡೆಯುತ್ತದೆ ಎಂದು ಒಂದೊಂದಾಗಿ ನಿರ್ಧರಿಸಿ. ಹಾಗೆ ಸುರಿದಾಗ ಹಳೆಯ ಬ್ಯಾಟರಿಯೇನಾದರೂ ಕಂಡರೆ ಅದನ್ನು ಮಾತ್ರ ಆ ಚೀಲಕ್ಕೆ ಮರಳಿ ಹಾಕಬೇಡಿ. ಲಾರಿಯಲ್ಲಿ ಕಸವನ್ನು ಒತ್ತುವಾಗ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದರ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಇ-ಕಸ ಪಡೆಯುವವರಿಗೇ ಪ್ರತ್ಯೇಕವಾಗಿ ಕೊಡಬೇಕು.