ಫೋಟೊ ಕ್ಯಾಲೆಂಡರ್ ಕಲಿಕೆ: ಮೊದಲು ತಾರೀಖು, ಆಮೇಲೆ ಫೋಟೊ

ಮನೆಯವರ ಫೋಟೊ ಹಾಕಿ ಕ್ಯಾಲೆಂಡರ್ ಮಾಡಿ ಆನ್‌ಲೈನ್‌ನಲ್ಲಿ ಮಾರಬೇಕು ಅಂತ ಹೊರಟಾಗ ನಾವೆಲ್ಲ ಫೋಟೊದಿಂದ ಶುರು ಮಾಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಎರಡು ಸೀಸನ್ ಕೆಲಸ ಮಾಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಜನ ಆರ್ಡರ್ ಕೊಡುವುದು ಫೋಟೊ ನೋಡಿ. ಆದರೆ ಕ್ಯಾಲೆಂಡರ್ ಡಿಸೆಂಬರ್‌ವರೆಗೂ ಗೋಡೆಯ ಮೇಲೆ ಉಳಿಯುವುದು ತಾರೀಖಿನಿಂದ. ಹಾಲು ಬರದ ದಿನ, ಗ್ಯಾಸ್ ಬಂದ ದಿನ, ಮಗುವಿನ ಲಸಿಕೆ ಎಲ್ಲವನ್ನೂ ಅಲ್ಲೇ ಬರೆಯುತ್ತಾರೆ. ಅದಕ್ಕೆ ಜಾಗ ಇಲ್ಲದಿದ್ದರೆ ಅಡುಗೆಮನೆಗೆ ಬೇರೆ ಕ್ಯಾಲೆಂಡರ್ ಬರುತ್ತದೆ, ನಮ್ಮದು ಬಾಗಿಲ ಹಿಂದೆ ಹೋಗುತ್ತದೆ.

ತಾರೀಖಿನ ಪಟ್ಟಿ

ಗಿರಾಕಿಯಿಂದ ಮೊದಲು ಕೇಳಬೇಕಾದದ್ದು ಫೋಟೊ ಅಲ್ಲ, ದಿನಗಳ ಪಟ್ಟಿ. ಹುಟ್ಟುಹಬ್ಬ, ಮದುವೆಯ ದಿನ, ಮನೆದೇವರ ಜಾತ್ರೆ, ಹಿರಿಯರ ಶ್ರಾದ್ಧ. ಇಲ್ಲೇ ಒಂದು ತೊಡಕು ಇದೆ. ನಮ್ಮ ಮನೆಗಳಲ್ಲಿ ಅರ್ಧ ದಿನಗಳು ತಾರೀಖಿನ ಲೆಕ್ಕ, ಉಳಿದರ್ಧ ತಿಥಿಯ ಲೆಕ್ಕ. ಅಜ್ಜನ ಶ್ರಾದ್ಧ ಹೋದ ವರ್ಷದ ತಾರೀಖಿಗೇ ಈ ವರ್ಷ ಬರುವುದಿಲ್ಲ, ಅಲ್ವಾ?

ಹೋದ ವರ್ಷದ ಫೈಲನ್ನೇ ತೆಗೆದು 11 ದಿನ ಹಿಂದೆ ಸರಿಸಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಚಾಂದ್ರಮಾನದ 12 ತಿಂಗಳು ಸೇರಿದರೆ ಸುಮಾರು 354 ದಿನ, ಹಾಗಾಗಿ ಆ ಲೆಕ್ಕ ಸರಿ ಅನ್ನಿಸುತ್ತದೆ. ಯುಗಾದಿಗೆ ಅದು ಹೊಂದಿತು ಕೂಡ: 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಆದರೆ ಗಣೇಶನ ಹಬ್ಬ 2025ರಲ್ಲಿ ಆಗಸ್ಟ್ 27ಕ್ಕೆ ಬಂದರೆ, 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಅಂದರೆ ಹಿಂದೆ ಅಲ್ಲ, 18 ದಿನ ಮುಂದೆ. ಕಾರಣ ನಡುವೆ ಬರುವ ಅಧಿಕ ಮಾಸ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದರ ಆಚೆಗಿನ ತಿಥಿಯ ಹಬ್ಬಗಳೆಲ್ಲ ಮುಂದಕ್ಕೆ ಹೋಗುತ್ತವೆ. ನನ್ನ ಆ ಫೈಲಿನಲ್ಲಿ ಒಂದು ಮನೆಯ ಶ್ರಾದ್ಧದ ದಿನ ತಪ್ಪಾಗಿ ಕೂತಿತ್ತು. ಪ್ರಿಂಟಿಗೆ ಹೋಗುವ ಮುಂಚೆ ಆ ಮನೆಯ ಹಿರಿಯರೇ ಹಿಡಿದರು. ಅವತ್ತಿನಿಂದ ನಾನು ತಿಥಿಯನ್ನು ಲೆಕ್ಕ ಹಾಕುವುದಿಲ್ಲ. 'ನಿಮ್ಮ ಮನೆಯಲ್ಲಿ ಯಾವ ಪಂಚಾಂಗ ನೋಡುತ್ತೀರಿ? ಅದರಲ್ಲಿ ಈ ವರ್ಷ ಯಾವ ತಾರೀಖು?' ಅಂತ ಕೇಳಿ ಬರೆದುಕೊಳ್ಳುತ್ತೇನೆ. ಪಂಚಾಂಗ ಬದಲಾದರೆ ಏಕಾದಶಿಯಂಥ ದಿನಗಳು ಒಂದು ದಿನ ಆಚೆ ಈಚೆ ಆಗುವುದುಂಟು. ಯಾವುದು ಸರಿ ಅಂತ ಹೇಳುವುದು ನಮ್ಮ ಕೆಲಸ ಅಲ್ಲ. ರಂಜಾನ್, ಬಕ್ರೀದ್‌ಗೆ 'ಚಂದ್ರದರ್ಶನಕ್ಕೆ ತಕ್ಕಂತೆ' ಅಂತ ಸಣ್ಣ ಅಕ್ಷರದಲ್ಲಿ ಹಾಕಿ.

ಅಮೆರಿಕದಲ್ಲಿರುವ ಮಗಳಿಗೆ ಅಂತ ಆರ್ಡರ್ ಬಂದರೆ ಇನ್ನೂ ಹುಷಾರು. ತಿಥಿಯನ್ನು ಸಾಮಾನ್ಯವಾಗಿ ಆಯಾ ಊರಿನ ಸೂರ್ಯೋದಯದಿಂದ ನೋಡುತ್ತಾರೆ. ಹಾಗಾಗಿ ಅಲ್ಲಿ ಕೆಲವು ಹಬ್ಬ ಒಂದು ದಿನ ಮೊದಲೇ ಬರುತ್ತದೆ. ಅಲ್ಲಿನ ಕಾಗದದ ಅಳತೆಯೂ ಬೇರೆ. ನಮ್ಮ ಎ3 ಅಂದರೆ 297 × 420 ಮಿ.ಮೀ. ಅವರದು 11 × 17 ಇಂಚು, ಅಂದರೆ ಸುಮಾರು 279 × 432. ಅಲ್ಲೇ ಪ್ರಿಂಟ್ ಮಾಡಿಸುವುದಾದರೆ ಪುಟವನ್ನು ಹೊಸದಾಗಿ ಜೋಡಿಸಬೇಕು.

ಚೌಕಗಳ ಬಗ್ಗೆ ಒಂದು ಮಾತು. ಭಾನುವಾರದಿಂದ ವಾರ ಶುರು ಮಾಡಿದರೆ 2026ರ ಫೆಬ್ರುವರಿಗೆ ಸರಿಯಾಗಿ ನಾಲ್ಕೇ ಸಾಲು. ಮೇ ಮತ್ತು ಆಗಸ್ಟ್‌ಗೆ ಆರು ಸಾಲು ಬೇಕು. ಹಾಗಾಗಿ ವಿನ್ಯಾಸವನ್ನು ಜನವರಿಯಿಂದ ಶುರು ಮಾಡಬೇಡಿ, ಆಗಸ್ಟ್‌ನಿಂದ ಮಾಡಿ. ಅದು ಹಿಡಿಸಿದರೆ ಉಳಿದ 11 ತಿಂಗಳೂ ಹಿಡಿಸುತ್ತವೆ.

ಕನ್ನಡ ಅಕ್ಷರ

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳು ಬಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿಕೊಂಡೇ ಕೆಲಸ ಶುರು ಮಾಡಿ. ಇನ್‌ಡಿಸೈನ್, ಫೋಟೊಶಾಪ್‌ನಂಥ ವಿನ್ಯಾಸದ ಸಾಫ್ಟ್‌ವೇರ್‌ಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗಿರುವ 'ವರ್ಲ್ಡ್ ರೆಡಿ' ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಒಡೆಯುತ್ತದೆ. 'ಲಕ್ಷ್ಮಿ'ಯಂಥ ಹೆಸರು ಬಿಡಿ ಬಿಡಿಯಾಗಿ ನಿಲ್ಲುತ್ತದೆ. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಈ ತೊಂದರೆ ಇಲ್ಲ. 'ನೋಟೊ ಸಾನ್ಸ್ ಕನ್ನಡ', 'ಬಾಲೂ ತಮ್ಮ' ಎಂಬ ಫಾಂಟ್‌ಗಳು ವ್ಯಾಪಾರಕ್ಕೂ ಉಚಿತ. ಪ್ರೆಸ್‌ಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿಬಿಡಿ. ಆಗ ಅವರ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಹೆಸರನ್ನು ಗಿರಾಕಿಯೇ ಟೈಪ್ ಮಾಡಿ ಕಳಿಸಲಿ. ಕೇಳಿ ಬರೆದುಕೊಂಡರೆ ಶ, ಷ ಅದಲುಬದಲಾಗುತ್ತವೆ. ಒಬ್ಬರ ಹೆಸರು ಅವರ ಮನೆಯ ಗೋಡೆಯ ಮೇಲೆ ಒಂದು ವರ್ಷ ತಪ್ಪಾಗಿ ಇರಬಾರದು.

ಫೋಟೊ

ಒಳ್ಳೆ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. ಎ3 ಗೋಡೆ ಕ್ಯಾಲೆಂಡರಿನ ಮೇಲಿನ ಅರ್ಧ ತುಂಬಲು 3508 × 2480 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದ ಫೋಟೊ ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿಗೆ ಕುಗ್ಗಿರುತ್ತದೆ. ಗೋಡೆ ಕ್ಯಾಲೆಂಡರಿಗೆ ಹಾಕಿದರೆ ಇಂಚಿಗೆ 137 ಅಷ್ಟೇ, ಮುಖ ಮಸುಕಾಗುತ್ತದೆ. 8 ಇಂಚು ಅಗಲದ ಮೇಜಿನ ಕ್ಯಾಲೆಂಡರಿಗಾದರೆ 200 ಸಿಗುತ್ತದೆ, ನಡೆಯುತ್ತದೆ. ಹಾಗಾಗಿ 'ಡಾಕ್ಯುಮೆಂಟ್ ಆಗಿ ಕಳಿಸಿ' ಅಂತ ಕೇಳಿ. ಮೂಲ ಫೋಟೊ ಇಲ್ಲವೇ ಇಲ್ಲ ಅಂದರೆ ಚಿಕ್ಕ ಕ್ಯಾಲೆಂಡರ್ ಸೂಚಿಸಿ.

ನನಗೆ ತುಂಬಾ ಇಷ್ಟದ ಕೆಲಸ ಹಳೆಯ ಆಲ್ಬಮ್ ಫೋಟೊಗಳದು. 4 × 6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 2400 × 3600 ಪಿಕ್ಸೆಲ್, ಎ4ಗೆ ಹತ್ತಿರ ಹತ್ತಿರ ಸಾಕು. ಅಜ್ಜಿಯ ಮದುವೆಯ ಫೋಟೊ ಅವರ ಮದುವೆಯ ತಿಂಗಳಿಗೇ ಬಂದರೆ ಮನೆಯವರು ಆ ಪುಟ ಹರಿಯುವುದಿಲ್ಲ.

ಚಿತ್ರ ಸುತ್ತಲೂ 3 ಮಿ.ಮೀ. ಹೆಚ್ಚಿಗೆ ಚಾಚಿರಲಿ, ಕತ್ತರಿಸುವಾಗ ಬಿಳಿ ಅಂಚು ಉಳಿಯದಿರಲು. ಮೇಲ್ಗಡೆ ವೈರೋ (ಪುಟಗಳನ್ನು ಹಿಡಿಯುವ ತಂತಿ ಸುರುಳಿ) ತೂತುಗಳಿಗೆ 15 ಮಿ.ಮೀ. ಖಾಲಿ ಇರಲಿ. ಗುಂಪು ಫೋಟೊದಲ್ಲಿ ಹಿಂದಿನ ಸಾಲಿನವರ ತಲೆ ಅಲ್ಲೇ ಬರುವುದು. ರಾಣಿ ಪಿಂಕ್, ಗಿಳಿ ಹಸಿರು ಸೀರೆ ಮೊಬೈಲ್‌ನಲ್ಲಿ ಹೊಳೆದಷ್ಟು ಕಾಗದದ ಮೇಲೆ ಹೊಳೆಯುವುದಿಲ್ಲ. ನಾಲ್ಕು ಶಾಯಿಯ ಪ್ರಿಂಟಿನ ಮಿತಿ ಅದು. ಗಿರಾಕಿಗೆ ಮೊದಲೇ ಹೇಳಿಬಿಡಿ.

ಮಗ್, ಟಿ-ಶರ್ಟ್ ಸೇರಿಸುವುದಾದರೆ ಒಂದು ಗೊತ್ತಿರಲಿ: ಸಬ್ಲಿಮೇಶನ್ ಶಾಯಿ, ಅಂದರೆ ಕಾಗದದಿಂದ ಶಾಖ ಕೊಟ್ಟು ವಸ್ತುವಿಗೆ ಇಳಿಸುವ ಶಾಯಿ, ಪಾಲಿಯೆಸ್ಟರ್ ಅಥವಾ ಅಂಥ ಲೇಪನ ಇರುವ ಮಗ್ ಮೇಲೆ ಮಾತ್ರ ಕೂರುತ್ತದೆ, ಹತ್ತಿ ಬಟ್ಟೆಗೆ ಆಗದು. ಅದರಲ್ಲಿ ಬಿಳಿ ಶಾಯಿಯೂ ಇಲ್ಲ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ಮಾಡಬೇಕು.

ಹಕ್ಕು

ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಇದನ್ನು ಹೇಳುತ್ತದೆ. ಸಿನಿಮಾ ನಟರ ಫೋಟೊ, ಅಂತರ್ಜಾಲದಲ್ಲಿ ಸಿಕ್ಕ ದೇವರ ಚಿತ್ರ ಹಾಕಿಕೊಡಿ ಅಂದರೆ ಒಪ್ಪಬೇಡಿ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಚಿತ್ರಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ದೇವರ ಚಿತ್ರ ಬೇಕಾದಾಗ ನಾನು ಅಲ್ಲಿಗೇ ಹೋಗುತ್ತೇನೆ.

ಮಾರಾಟ

ಹೆಚ್ಚು ಪ್ರತಿ ಮುದ್ರಿಸುವ ಆಫ್‌ಸೆಟ್ ಪ್ರೆಸ್‌ನಲ್ಲಿ ಪ್ರತಿ ಬಣ್ಣಕ್ಕೊಂದು ಅಚ್ಚಿನ ಪ್ಲೇಟ್ ಬೇಕು. ನಾಲ್ಕು ಶಾಯಿಯ ಲೆಕ್ಕದಲ್ಲಿ 12 ಪುಟಕ್ಕೆ 48 ಪ್ಲೇಟ್. ಒಂದು ಪ್ರತಿಗೆ ಅದು ಆಗದ ಮಾತು. ಡಿಜಿಟಲ್ ಪ್ರಿಂಟ್‌ಗೆ ಪ್ಲೇಟ್ ಬೇಡ, ನಮ್ಮ ಈ ಕೆಲಸ ನಿಂತಿರುವುದೇ ಅದರ ಮೇಲೆ.

ಬೆಲೆ ಹೇಗೆ? ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಪ್ರಿಂಟ್ 220 ರೂಪಾಯಿ, ಪ್ಯಾಕಿಂಗ್ 30, ಕೊರಿಯರ್ 80, ಆನ್‌ಲೈನ್ ಪಾವತಿಯ ಶುಲ್ಕ 14. 599ಕ್ಕೆ ಮಾರಿದರೆ 255 ಉಳಿಯಿತು. ಆದರೆ ಅದರ ಹಿಂದೆ ಎರಡು ಮೂರು ಗಂಟೆಯ ಕೆಲಸ ಇದೆ. ನಿಜವಾದ ಉಳಿತಾಯ ಇರುವುದು ಅದೇ ಮನೆಯ ಎರಡನೇ, ಮೂರನೇ ಪ್ರತಿಯಲ್ಲಿ. ವಿನ್ಯಾಸದ ಕೆಲಸ ಆಗಲೇ ಮುಗಿದಿರುತ್ತದೆ. 'ಅಣ್ಣನ ಮನೆಗೆ, ಅಕ್ಕನ ಮನೆಗೆ ಒಂದೊಂದು ಬೇಕಾ?' ಅಂತ ಕಡಿಮೆ ಬೆಲೆ ಹೇಳಿ ಕೇಳಿ. ಬೇರೆ ಬೇರೆ ಊರಿನ ವಿಳಾಸಕ್ಕೆ ನೇರವಾಗಿ ಕಳಿಸಿಕೊಡಿ.

ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಹಲವರು 5000ದಿಂದ ಭಾಗಿಸಿ, ಬಂದದ್ದನ್ನೂ ಕೆ.ಜಿ. ತೂಕದಂತೆ ಲೆಕ್ಕಕ್ಕೆ ಹಿಡಿಯುತ್ತಾರೆ. 45 × 32 × 2ರ ಚಪ್ಪಟೆ ಪೆಟ್ಟಿಗೆಗೆ 0.58 ಕೆ.ಜಿ. ಸುರುಳಿ ಸುತ್ತಿ 32 × 7 × 7ರ ಕೊಳವೆಗೆ ಹಾಕಿದರೆ 0.31. ಅರ್ಧ ಕೆ.ಜಿ. ದಾಟಿದರೆ ದರ ಏರುತ್ತದೆ, ಆದ್ದರಿಂದ ಕೊಳವೆಯೇ ವಾಸಿ.

ಬೇರೆ ರಾಜ್ಯಕ್ಕೆ ಸರಕು ಮಾರಲು ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಶುರು ಮಾಡುವ ಮುಂಚೆ ತೆರಿಗೆ ಸಲಹೆಗಾರರನ್ನು ಕೇಳಿ.

ಸೀಸನ್ ಅಕ್ಟೋಬರ್‌ನಿಂದ ಡಿಸೆಂಬರ್. ಜನವರಿ ಬಂದರೆ ವ್ಯಾಪಾರ ಬಿದ್ದುಹೋಗುತ್ತದೆ. ನಾನು ಯಾವ ತಿಂಗಳಿಂದ ಬೇಕಾದರೂ ಶುರುವಾಗುವ ಕ್ಯಾಲೆಂಡರ್ ಇಟ್ಟಿದ್ದೇನೆ: ಯುಗಾದಿಯಿಂದ, ಶಾಲೆ ತೆರೆಯುವ ತಿಂಗಳಿಂದ, ಮಗುವಿನ ನಾಮಕರಣದಿಂದ. ಯಾವ ತಿಂಗಳಲ್ಲಿ ಆರ್ಡರ್ ಬಂದರೂ 12 ಪುಟಗಳನ್ನೂ ಒಂದೇ ಪಿಡಿಎಫ್‌ನಲ್ಲಿ ಗಿರಾಕಿಗೆ ಕಳಿಸುತ್ತೇನೆ. ಮನೆಯ ಹಿರಿಯರೊಬ್ಬರಿಗೆ ತಾರೀಖುಗಳನ್ನು ಓದಿ ಹೇಳಿ, ಆಮೇಲೆ 'ಸರಿ' ಅಂತ ಉತ್ತರ ಬರೆಯಿರಿ ಅನ್ನುತ್ತೇನೆ. ಆ ಉತ್ತರ ಬರುವವರೆಗೆ ಫೈಲ್ ಪ್ರೆಸ್‌ಗೆ ಹೋಗುವುದಿಲ್ಲ.