ಸಂಜೆ ಬ್ಯಾಚ್, ಹಗಲು ಬ್ಯಾಚ್: ನರ್ಸಿಂಗ್ ಓದಿನಲ್ಲಿ ಯಾರು ಮುಂದೆ?

ನರ್ಸಿಂಗ್ ಕೋರ್ಸ್ ಒಂದೇ, ಸಿಲಬಸ್ ಒಂದೇ, ಕೊನೆಗೆ ಬರೆಯುವ ಪರೀಕ್ಷೆಯೂ ಒಂದೇ. ಆದರೆ ಕೆಲವರು ಬೆಳಿಗ್ಗೆ ಬಂದು ಕಲಿಯುತ್ತಾರೆ. ಇನ್ನು ಕೆಲವರು ದಿನವಿಡೀ ಎಲ್ಲೋ ದುಡಿದು ಸಂಜೆ ಆರಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಇವರಲ್ಲಿ ಯಾರು ಚೆನ್ನಾಗಿ ಓದುತ್ತಾರೆ?

'ಸಂಜೆಯವರು ಸುಸ್ತಾಗಿ ಬರ್ತಾರೆ, ತಲೆಗೆ ಹತ್ತಲ್ಲ' ಅನ್ನುವುದು ಒಂದು ಮಾತು. 'ಅವರು ದೊಡ್ಡವರು, ಜವಾಬ್ದಾರಿ ಗೊತ್ತು, ಅವರೇ ಮುಂದೆ' ಅನ್ನುವುದು ಇನ್ನೊಂದು. ಎರಡೂ ನಿಜ. ತೊಡಕು ಇರುವುದೇ ಇಲ್ಲಿ. ಈ ಎರಡೂ ಒಬ್ಬಳೇ ವಿದ್ಯಾರ್ಥಿನಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುತ್ತಿರುತ್ತವೆ.

2006ರಲ್ಲಿ ಆಸ್ಟ್ರೇಲಿಯಾದ ಸಲಾಮನ್ಸನ್ ಮತ್ತು ಆಂಡ್ರ್ಯೂ ಎಂಬ ಸಂಶೋಧಕರು ಎರಡನೇ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳ ಅಂಕಗಳನ್ನು ಪರಿಶೀಲಿಸಿದರು. ವಯಸ್ಸಿನಲ್ಲಿ ದೊಡ್ಡವರಾದ ವಿದ್ಯಾರ್ಥಿಗಳು ಹೆಚ್ಚು ಅಂಕ ತೆಗೆದಿದ್ದರು. ಆದರೆ ವಾರಕ್ಕೆ 16 ಗಂಟೆಗಿಂತ ಜಾಸ್ತಿ ಕೆಲಸ ಮಾಡುವವರ ಅಂಕ ಕಡಿಮೆಯಿತ್ತು. ಈಗ ಸಂಜೆ ಬ್ಯಾಚನ್ನು ನೆನೆಸಿಕೊಳ್ಳಿ. ಅಲ್ಲಿರುವವರು ಹೆಚ್ಚಾಗಿ ವಯಸ್ಸಿನಲ್ಲಿ ದೊಡ್ಡವರು, ಕೆಲಸದ ಹೊರೆಯೂ ಅವರಿಗೇ ಹೆಚ್ಚು. ಒಂದು ಕಾರಣ ಅಂಕವನ್ನು ಮೇಲೆತ್ತುತ್ತದೆ, ಇನ್ನೊಂದು ಕೆಳಗಿಳಿಸುತ್ತದೆ. ಎರಡೂ ಬ್ಯಾಚಿನ ಸರಾಸರಿ ಸಮ ಬಂದರೆ 'ವ್ಯತ್ಯಾಸ ಏನಿಲ್ಲ' ಅಂತ ಸುಮ್ನೆ ಫೈಲ್ ಮುಚ್ಚಿಬಿಡುತ್ತೇವೆ. ಆ ಸಮಕ್ಕಾಗಿ ಅವರು ಎಷ್ಟು ತೆತ್ತಿದ್ದಾರೆ ಅನ್ನುವುದು ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಹಾಗಾದರೆ ಸಂಜೆ ಹೊತ್ತೇ ಕಲಿಕೆಗೆ ಕೆಟ್ಟದ್ದಾ? ಇಲ್ಲ. ನಮ್ಮ ದೇಹದೊಳಗಿನ ಗಡಿಯಾರ ಸಂಜೆಯ ಹೊತ್ತಿಗೆ ಎಚ್ಚರವನ್ನು ಚೆನ್ನಾಗಿಯೇ ಹಿಡಿದಿಟ್ಟಿರುತ್ತದೆ. ಮೈಯ ಉಷ್ಣತೆ ದಿನದಲ್ಲೇ ಹೆಚ್ಚಾಗಿರುವುದು ಸಂಜೆಯ ಆಸುಪಾಸಿನಲ್ಲಿ. ಮಲಗುವ ಸಮಯಕ್ಕೆ ಎರಡು ಮೂರು ಗಂಟೆ ಮೊದಲು ನಿದ್ದೆ ಮಾಡು ಅಂದರೂ ಹೆಚ್ಚಿನವರಿಗೆ ನಿದ್ದೆ ಬರುವುದಿಲ್ಲ. ಗಡಿಯಾರದ ಲೆಕ್ಕದಲ್ಲಿ ನೋಡಿದರೆ ಹಗಲು ಬ್ಯಾಚಿನ ಊಟದ ನಂತರದ ಕ್ಲಾಸೇ ಹೆಚ್ಚು ಕಷ್ಟದ್ದು.

ಆದರೆ ಗಡಿಯಾರದ ಜೊತೆ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ. ಎದ್ದ ಕ್ಷಣದಿಂದ ನಿದ್ದೆಯ ಒತ್ತಡ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗುತ್ತದೆ. ಈ ಎರಡು ಲೆಕ್ಕಗಳನ್ನು ಸೇರಿಸಿ ನಿದ್ದೆಯನ್ನು ವಿವರಿಸಿದ್ದು ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು, ಮನೆ ಕೆಲಸ ಮುಗಿಸಿ, ಡ್ಯೂಟಿ ಮಾಡಿ, ಸಂಜೆ ಕ್ಲಾಸಿಗೆ ಬಂದವಳು ರಾತ್ರಿ ಹತ್ತಕ್ಕೆ ಮನೆಗೆ ಹೊರಡುವಾಗ 17 ಗಂಟೆ ಎಚ್ಚರವಾಗಿದ್ದಾಳೆ. 1997ರಲ್ಲಿ ಡಾಸನ್ ಮತ್ತು ರೀಡ್ ಒಂದು ಪ್ರಯೋಗ ಪ್ರಕಟಿಸಿದರು. ಕಣ್ಣು ಮತ್ತು ಕೈ ಹೊಂದಿಸಿ ಮಾಡುವ ಪರೀಕ್ಷೆಯಲ್ಲಿ 17 ಗಂಟೆ ಎಚ್ಚರವಿದ್ದವರ ಸಾಮರ್ಥ್ಯ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದವರು ಗಾಡಿ ಓಡಿಸುವಂತಿಲ್ಲ.

ನರ್ಸಿಂಗ್‌ನಲ್ಲಿ ಇದರ ಅರ್ಥ ಏನು ಅಂತ ಒಂದು ಲೆಕ್ಕದಲ್ಲೇ ನೋಡೋಣ. 500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್ ಎಂಎಲ್‌ಗೆ 20 ಹನಿಯದು. ನಿಮಿಷಕ್ಕೆ ಎಷ್ಟು ಹನಿ? 500 ಸಲ 20 ಅಂದರೆ 10,000 ಹನಿ. ನಾಲ್ಕು ಗಂಟೆಗೆ 240 ನಿಮಿಷ. ಭಾಗಿಸಿದರೆ ಸುಮಾರು 42. ಸುಲಭವೇ, ಅಲ್ವಾ? ಆದರೆ ಮೂರು ಸಂಖ್ಯೆಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ದಣಿದ ತಲೆ 20ರ ಜಾಗದಲ್ಲಿ, ಸಣ್ಣ ಹನಿ ಬೀಳಿಸುವ ಮೈಕ್ರೋ ಸೆಟ್‌ನ 60 ಹಾಕಿಬಿಟ್ಟರೆ ಉತ್ತರ 125. ನೋಡಲು ಅದೂ ಸರಿಯಾಗಿಯೇ ಕಾಣುತ್ತದೆ. ಕೈಯಲ್ಲಿರುವುದು 20 ಹನಿಯ ಸೆಟ್ ಆಗಿದ್ದು ಆ ವೇಗಕ್ಕೆ ಬಿಟ್ಟರೆ, ನಾಲ್ಕು ಗಂಟೆಯ ಸಲೈನ್ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೇ ಮುಗಿದುಹೋಗುತ್ತದೆ. ಹೃದಯವೋ ಕಿಡ್ನಿಯೋ ಸೋತಿರುವ ರೋಗಿಗೆ ಅದು ದೊಡ್ಡ ಅಪಾಯ. ನಿದ್ದೆಗೆಟ್ಟವರಿಗೆ ಸೂತ್ರ ಮರೆತಿರುವುದಿಲ್ಲ. ಬರೆದದ್ದನ್ನು ಇನ್ನೊಮ್ಮೆ ನೋಡುವ ಚುರುಕು ಮಾತ್ರ ಹೋಗಿರುತ್ತದೆ.

ನಿದ್ದೆಗೆ ಇನ್ನೊಂದು ಕೆಲಸವೂ ಇದೆ. ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇದರ ಸುಳಿವು ಕೊಟ್ಟಿದ್ದರು: ಕಲಿತ ಮೇಲೆ ಮಲಗಿದವರಿಗೆ, ಎಚ್ಚರವಾಗಿ ಉಳಿದವರಿಗಿಂತ ಹೆಚ್ಚು ನೆನಪಿತ್ತು. ಇದು ಸಂಜೆ ಬ್ಯಾಚಿನ ಪರವಾಗಿರುವ ಸಂಗತಿ! ರಾತ್ರಿ ಒಂಬತ್ತಕ್ಕೆ ಫಾರ್ಮಕಾಲಜಿ, ಅಂದರೆ ಔಷಧಗಳ ಪಾಠ, ಕೇಳಿ ಹೋಗಿ ಮಲಗಿದರೆ, ಪಾಠಕ್ಕೂ ನಿದ್ದೆಗೂ ನಡುವೆ ಹೆಚ್ಚು ಅಂತರವಿಲ್ಲ. ಆದರೆ ಮಲಗಬೇಕಲ್ಲ! ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಂಡು, ಅಸೈನ್‌ಮೆಂಟ್ ಬರೆದು, ಒಂದು ಗಂಟೆಗೆ ಮಲಗಿ ಐದಕ್ಕೆ ಎದ್ದರೆ ಆ ಲಾಭ ಕೈಗೆ ಸಿಗುವುದಿಲ್ಲ. 'ನಂಗೆ ಆರು ಗಂಟೆ ನಿದ್ದೆ ಸಾಕು' ಅನ್ನುವವರಿಗೂ ಒಂದು ಮಾತು ಹೇಳಲೇಬೇಕು. 2003ರ ಒಂದು ಅಧ್ಯಯನದಲ್ಲಿ ವ್ಯಾನ್ ಡಾಂಗೆನ್ ಮತ್ತು ಜೊತೆಗಾರರು ಕೆಲವರನ್ನು 14 ದಿನ ಬರೀ ಆರು ಗಂಟೆಯೋ ಅದಕ್ಕಿಂತ ಕಡಿಮೆಯೋ ಮಲಗಿಸಿದರು. ಕೊನೆಗೆ ಅವರ ಗಮನಶಕ್ತಿ, ಒಂದೆರಡು ರಾತ್ರಿ ನಿದ್ದೆಯೇ ಮಾಡದವರ ಮಟ್ಟಕ್ಕೆ ಕುಸಿದಿತ್ತು. ಅವರಿಗೆ ಮಾತ್ರ ತಾವು ಅಷ್ಟು ಕುಸಿದಿದ್ದೇವೆ ಅನ್ನಿಸಿಯೇ ಇರಲಿಲ್ಲ.

ಹಗಲು ಬ್ಯಾಚಿನವರೂ ಸುಖವಾಗಿದ್ದಾರೆ ಅಂತಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ದೇಹದ ಗಡಿಯಾರ ಬದುಕಿನಲ್ಲೇ ಅತಿ ತಡವಾಗಿ ಓಡುತ್ತದೆ. ಬೆಳಿಗ್ಗೆ ಎಂಟರ ಅನಾಟಮಿ ಕ್ಲಾಸ್ ಅವರಿಗೆ ನಿಜವಾಗಿಯೂ ಹಿಂಸೆ. 2018ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಸುಮಾರು 15,000 ವಿದ್ಯಾರ್ಥಿಗಳ ಕಂಪ್ಯೂಟರ್ ಲಾಗಿನ್ ದಾಖಲೆ ನೋಡಿದಾಗ, ದೇಹದ ಗಡಿಯಾರಕ್ಕೂ ಕ್ಲಾಸಿನ ಸಮಯಕ್ಕೂ ಹೊಂದದವರ ಅಂಕ ಕಡಿಮೆ ಇರುವುದು ಕಂಡಿತ್ತು. ತಡರಾತ್ರಿ ಎದ್ದಿರುವವರಿಗೆ ಪೆಟ್ಟು ಹೆಚ್ಚು.

ಅದಕ್ಕೇ ಬರೀ ಸರಾಸರಿ ಅಂಕ ಹೋಲಿಸುವುದನ್ನು ನಾನು ಒಪ್ಪುವುದಿಲ್ಲ. ಸೇರುವಾಗಿನ ಅಂಕ ಒಂದೇ ಮಟ್ಟದಲ್ಲಿರುವವರನ್ನು ಜೋಡಿ ಮಾಡಿ ನೋಡಬೇಕು. ಪಾಠ ಮಾಡಿದವರು ಅದೇ ಟೀಚರ್‌ಗಳಾ, ಲೈಬ್ರರಿ ಮತ್ತು ಸ್ಕಿಲ್ ಲ್ಯಾಬ್ ಸಂಜೆಯೂ ತೆರೆದಿತ್ತಾ ಅಂತ ಕೇಳಬೇಕು. ಕಾಲೇಜಿನ ಇಂಟರ್ನಲ್ಸ್‌ಗಿಂತ, ಅಮೆರಿಕದ ಎನ್‌ಕ್ಲೆಕ್ಸ್‌ನಂಥ ಲೈಸೆನ್ಸ್ ಪರೀಕ್ಷೆ ಒಳ್ಳೆಯ ಅಳತೆಗೋಲು. ಅಲ್ಲಿ ಬ್ಯಾಚ್ ಯಾವುದಾದರೂ ಪಾಸಾಗುವ ಮಟ್ಟ ಒಂದೇ.

ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಜನ ನಡುವೆ ಬಿಟ್ಟುಹೋದರು ಅಂತ ಎಣಿಸಬೇಕು. ಒಂದು ಕಲ್ಪಿತ ಲೆಕ್ಕ: ಸಂಜೆ ಬ್ಯಾಚಿಗೆ 40 ಜನ ಸೇರಿ 25 ಜನ ಕೊನೆಯ ಪರೀಕ್ಷೆ ಬರೆದರು, ಎಲ್ಲರೂ ಪಾಸ್. ಫಲಿತಾಂಶ ನೂರಕ್ಕೆ ನೂರು. ಹಗಲು ಬ್ಯಾಚಿನಲ್ಲಿ 40ರಲ್ಲಿ 38 ಜನ ಬರೆದು 35 ಪಾಸ್. ಸುಮಾರು 92 ಶೇಕಡಾ. ಸಂಜೆಯವರೇ ಗೆದ್ದರು ಅನ್ನೋಣವೇ? ಕೈಬಿಟ್ಟ ಆ 15 ಜನರಲ್ಲಿ ಎಷ್ಟೋ ಮಂದಿ ಬುದ್ಧಿವಂತರೇ ಇರಬಹುದು. ಅವರಿಗೆ ಸಾಲದೇ ಹೋದದ್ದು ಸಮಯ.

ಮಾಡಬಹುದಾದ ಕೆಲಸಗಳು ಬಹಳ ಇವೆ, ಎಲ್ಲವೂ ದುಬಾರಿಯಲ್ಲ. ಡೋಸ್ ಲೆಕ್ಕದಂಥ ಸೂಕ್ಷ್ಮ ಪಾಠವನ್ನು ಸಂಜೆಯ ಮೊದಲ ಗಂಟೆಗೆ ತರಬಹುದು. ಕೈಯಿಂದ ಮಾಡಿ ಕಲಿಯುವುದನ್ನು, ಗುಂಪಿನಲ್ಲಿ ಮಾತಾಡುವುದನ್ನು ಕೊನೆಗೆ ಇಡಬಹುದು. ದೀರ್ಘ ಉಪನ್ಯಾಸದ ಬದಲು ಪ್ರತಿ ಕ್ಲಾಸಿನ ಆರಂಭದಲ್ಲಿ ಹಿಂದಿನ ಪಾಠದ ಮೇಲೆ ನಾಲ್ಕು ಪ್ರಶ್ನೆ ಕೇಳಬಹುದು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಹೇಳುವುದೇ ಹೆಚ್ಚು ಕಾಲ ಉಳಿಯುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲೇ ತೋರಿಸಿದ್ದಾರೆ. ಓದಲು ಸಮಯವೇ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುತ್ತಿಲ್ಲ. ಇನ್ನು ಆಸ್ಪತ್ರೆಯಲ್ಲೇ ದುಡಿಯುತ್ತಾ ಓದುವವರಿಗೆ, ಕ್ಲಾಸ್ ಇರುವ ದಿನ ನೈಟ್ ಡ್ಯೂಟಿ ಹಾಕದಿದ್ದರೆ ಸಾಕು, ರೋಸ್ಟರ್ ಬರೆಯುವವರಿಂದಲೇ ಅರ್ಧ ಸಹಾಯ ಆದಂತೆ.