ಲ್ಯಾಪ್‌ಟಾಪಿನಲ್ಲಿ ಶಬ್ದ ಬರುತ್ತದೆ, ಡಿವಿಡಿ ಪ್ಲೇಯರಿನಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿಯನ್ನು ಫೋನಿನಲ್ಲಿ ವಿಡಿಯೋ ಮಾಡಿದ್ದೆವು. ಅದನ್ನು ಡಿವಿಡಿಗೆ ಬರೆದು ಊರಿಗೆ ಕಳಿಸಿದೆವು. ಇಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಎಲ್ಲಾ ಚೆನ್ನಾಗಿತ್ತು. ಊರಿನ ಪ್ಲೇಯರಿನಲ್ಲಿ ಚಿತ್ರ ಮಾತ್ರ ಬರುತ್ತಿದೆ, ಮಾತಿಲ್ಲ, ಮಂತ್ರವಿಲ್ಲ. ಬೇರೆ ಡಿಸ್ಕಿಗೆ ಬರೆದರೂ ಅದೇ ಕತೆ. ಡಿಸ್ಕ್ ತೆರೆದು ನೋಡಿದರೆ ‘ಆಡಿಯೋ ಟಿಎಸ್’ ಅನ್ನುವ ಫೋಲ್ಡರ್ ಖಾಲಿ ಇದೆ. ಅದೇ ಕಾರಣವಾ?

ಉತ್ತರ: ಅಲ್ಲ. ಆ ಫೋಲ್ಡರ್ ಖಾಲಿ ಇರಬೇಕಾದದ್ದೇ. ಅದು ಡಿವಿಡಿ-ಆಡಿಯೋ ಎಂಬ ಬೇರೆ ಬಗೆಯ ಹಾಡಿನ ಡಿಸ್ಕಿಗೆ ಮೀಸಲು. ವಿಡಿಯೋ ಡಿಸ್ಕಿನಲ್ಲಿ ಚಿತ್ರ, ಧ್ವನಿ ಎರಡೂ ‘ವಿಡಿಯೋ ಟಿಎಸ್’ ಫೋಲ್ಡರಿನ ವಿಒಬಿ ಫೈಲುಗಳಲ್ಲಿ ಒಟ್ಟಿಗೇ ಇರುತ್ತವೆ.

ಡಿಸ್ಕನ್ನೂ ಬೈಯಬೇಡಿ. ಡಿಸ್ಕ್ ಕೆಟ್ಟಿದ್ದರೆ ಚಿತ್ರವೂ ನಿಂತು ನಿಂತು ಬರುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ. ಚಿತ್ರ ಸರಿಯಾಗಿ ಓಡುತ್ತಾ ಧ್ವನಿ ಮಾತ್ರ ಪೂರ್ತಿ ಇಲ್ಲ ಅಂದರೆ, ತೊಂದರೆ ಬರೆಯುವುದಕ್ಕೆ ಮೊದಲೇ ಫೈಲಿನಲ್ಲಿ ಕೂತಿತ್ತು ಅನ್ನುವ ಸಾಧ್ಯತೆಯೇ ಹೆಚ್ಚು. ನಿಧಾನ ವೇಗದಲ್ಲಿ ಮತ್ತೆ ಬರೆದರೆ ಒಂದು ಡಿಸ್ಕ್ ದಂಡ, ಅಷ್ಟೇ. ಆದರೆ ಮೊದಲು ಊರಿನವರಿಗೆ ಹೇಳಿ, ಅಂಗಡಿಯಿಂದ ತಂದ ಯಾವುದಾದರೂ ಸಿನಿಮಾ ಡಿವಿಡಿ ಹಾಕಿ ನೋಡಲಿ. ಅದರಲ್ಲೂ ಶಬ್ದ ಇಲ್ಲದಿದ್ದರೆ ಕೆಂಪು-ಬಿಳಿ ವೈರು ಸಡಿಲಾಗಿರಬಹುದು, ಇಲ್ಲವೇ ಟಿವಿಯಲ್ಲಿ ಬೇರೆ ಇನ್‌ಪುಟ್ ಆಯ್ಕೆ ಆಗಿರಬಹುದು.

ಸಿನಿಮಾಕ್ಕೆ ಶಬ್ದ ಬಂತು ಅಂದುಕೊಳ್ಳಿ. ಆಗ ನೋಡಬೇಕಾದದ್ದು ಧ್ವನಿಯ ಫಾರ್ಮ್ಯಾಟ್. ಫೋನುಗಳು ಸಾಮಾನ್ಯವಾಗಿ ಧ್ವನಿಯನ್ನು ಎಎಸಿ ರೂಪದಲ್ಲಿ ಉಳಿಸುತ್ತವೆ. ಡಿವಿಡಿ-ವಿಡಿಯೋ ನಿಯಮದಲ್ಲಿ ಎಎಸಿಗೆ ಜಾಗವೇ ಇಲ್ಲ. ಎಂಪಿ3ಗೂ ಇಲ್ಲ. ಅಲ್ಲಿ ನಡೆಯುವುದು ಎಸಿ-3, ಅಂದರೆ ಡಾಲ್ಬಿ ಡಿಜಿಟಲ್, ಎಂಪಿ2, ಮತ್ತು ಒತ್ತಿ ಚಿಕ್ಕದು ಮಾಡದ ಪಿಸಿಎಂ. ಡಿಟಿಎಸ್ ಕೂಡ ಉಂಟು, ಆದರೆ ಪ್ಲೇಯರುಗಳಿಗೆ ಅದು ಕಡ್ಡಾಯವಲ್ಲ. ಹಾಗಾಗಿ ಡಿಟಿಎಸ್ ಒಂದನ್ನೇ ಹಾಕಿದ ಡಿಸ್ಕ್ ಎಷ್ಟೋ ಪ್ಲೇಯರಿನಲ್ಲಿ ಮೌನವಾಗಿಬಿಡುತ್ತದೆ.

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಹೇಗೆ ಕೇಳಿಸಿತು? ವಿಎಲ್‌ಸಿಯಂಥ ಸಾಫ್ಟ್‌ವೇರಿನಲ್ಲಿ ನೂರೆಂಟು ಫಾರ್ಮ್ಯಾಟ್ ಬಿಡಿಸುವ ಸೌಲಭ್ಯ ಒಳಗೇ ಇದೆ. ನಿಯಮ ಮುರಿದ ಫೈಲನ್ನೂ ಅದು ಹೇಗೋ ಓಡಿಸುತ್ತದೆ. ಪ್ಲೇಯರಿನ ಚಿಪ್ಪಿಗೆ ಗೊತ್ತಿರುವುದು ಕೆಲವೇ ಫಾರ್ಮ್ಯಾಟ್. ಅದಕ್ಕೇ ನಾನು ಹೇಳುವುದು: ವಿಎಲ್‌ಸಿಯಲ್ಲಿ ಓಡಿತು ಅನ್ನುವುದು ಡಿವಿಡಿ ಸರಿಯಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಅದೇ ವಿಎಲ್‌ಸಿಯನ್ನು ಬೇರೆ ಕೆಲಸಕ್ಕೆ ಬಳಸಿ. ವಿಡಿಯೋ ಓಡುತ್ತಿರುವಾಗ ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಮಾಹಿತಿ ತೆರೆಯಿರಿ. ಆಡಿಯೋ ಎದುರು ಏನಿದೆ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಿದೆ ಅನ್ನುವ ಲೆಕ್ಕ) ಎಷ್ಟಿದೆ ನೋಡಿ. ಎಸಿ-3 ಇದ್ದರೆ ಅಲ್ಲಿ ‘ಎ52’ ಅಂತ ಕಾಣುತ್ತದೆ, ಗಾಬರಿಯಾಗಬೇಡಿ, ಎರಡೂ ಒಂದೇ.

ಈ ಸ್ಯಾಂಪಲ್ ರೇಟನ್ನು ಜನ ಗಮನಿಸುವುದೇ ಇಲ್ಲ. ಆಡಿಯೋ ಸಿಡಿ ಮತ್ತು ವಿಸಿಡಿಯಲ್ಲಿ ಅದು 44.1 ಕಿಲೋಹರ್ಟ್ಸ್. ಡಿವಿಡಿಯಲ್ಲಿ 48 ಬೇಕು. ಹಳೆಯ ವಿಸಿಡಿಯ ಧ್ವನಿಯನ್ನು ಹಾಗೇ ಎತ್ತಿ ಡಿವಿಡಿಗೆ ಹಾಕಿದರೆ ಕೆಲವು ಪ್ಲೇಯರ್ ಸುಮ್ಮನಾಗುತ್ತವೆ. 44.1ರ ಧ್ವನಿಯನ್ನು 48 ಅಂದುಕೊಂಡು ಓಡಿಸಿದರೆ ಒಂದು ಗಂಟೆಯ ಧ್ವನಿ ಸುಮಾರು 55 ನಿಮಿಷಕ್ಕೇ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಯಕ್ಷಗಾನದ ಪದ್ಯವನ್ನು ಹಾಗೆ ಕೇಳುವುದು ಭಾಗವತರಿಗೆ ಮಾಡುವ ಅನ್ಯಾಯ. ಸಾಫ್ಟ್‌ವೇರಿನಿಂದ 48ಕ್ಕೆ ಸರಿಯಾಗಿ ಬದಲಾಯಿಸಿದರೆ ಅವಧಿಯೂ ಬದಲಾಗದು, ಶ್ರುತಿಯೂ ಬದಲಾಗದು.

ಇನ್ನು ನೀವು ಮಾಡಬೇಕಾದದ್ದು. ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ನಿಮ್ಮ ಫೈಲ್ ಸೇರಿಸಿ. ಟಿವಿ ಮಾದರಿ ಪ್ಯಾಲ್ ಇರಲಿ, ನಮ್ಮ ಕಡೆ ಬಳಸುವುದು ಅದೇ. ಆಡಿಯೋವನ್ನು ಇದ್ದ ಹಾಗೇ ನಕಲು ಮಾಡುವ ಆಯ್ಕೆ ಬೇಡ. ಎಸಿ-3, 48 ಕಿಲೋಹರ್ಟ್ಸ್, ಎರಡು ಚಾನೆಲ್ ಸ್ಟೀರಿಯೋ ಆರಿಸಿ. ಬಿಟ್‌ರೇಟ್ ಸೆಕೆಂಡಿಗೆ 192 ಕಿಲೋಬಿಟ್ ಇದ್ದರೆ ಮಾತು, ಮಂತ್ರಕ್ಕೆ ಧಾರಾಳ ಆಯಿತು. ಸಂಗೀತ ಜಾಸ್ತಿ ಇದ್ದರೆ 256 ಕೊಡಿ.

ಪಿಸಿಎಂ ಹಾಕಿದರೆ ಧ್ವನಿ ಇನ್ನೂ ಚೆನ್ನಾಗಿರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ, ಆದರೆ ಜಾಗ ತಿನ್ನುತ್ತದೆ. ಎರಡು ಗಂಟೆಯ 16 ಬಿಟ್ ಪಿಸಿಎಂ ಸ್ಟೀರಿಯೋಗೆ ಸುಮಾರು 1.4 ಜಿಬಿ ಬೇಕು. 192ರ ಎಸಿ-3ಗೆ 175 ಎಂಬಿಯೂ ಬೇಡ. 4.7 ಜಿಬಿಯ ಡಿಸ್ಕಿನಲ್ಲಿ ಆ ವ್ಯತ್ಯಾಸವನ್ನು ಚಿತ್ರವೇ ಭರಿಸಬೇಕಾಗುತ್ತದೆ. ಎಂಪಿ2 ನಮ್ಮ ಪ್ಯಾಲ್ ಪ್ಲೇಯರುಗಳಲ್ಲಿ ನಡೆಯುತ್ತದೆ. ಅಮೆರಿಕದಲ್ಲಿರುವ ಮಗಳಿಗೂ ಒಂದು ಪ್ರತಿ ಕಳಿಸುವುದಿದ್ದರೆ ಅದನ್ನು ನೆಚ್ಚಬೇಡಿ. ಅಲ್ಲಿನ ಮಾದರಿ ಪ್ಯಾಲ್ ಅಲ್ಲ, ಎನ್‌ಟಿಎಸ್‌ಸಿ; ಆ ಡಿಸ್ಕಿಗೆ ಎಸಿ-3 ಅಥವಾ ಪಿಸಿಎಂ ಇರಲೇಬೇಕು. ಚಿತ್ರವನ್ನೂ ಎನ್‌ಟಿಎಸ್‌ಸಿಗೆ ಬೇರೆಯಾಗಿ ಮಾಡಿಕೊಳ್ಳಿ.

ಎಂಪಿ4 ಫೈಲನ್ನು ಪೆನ್‌ಡ್ರೈವಿಗೆ ಹಾಕಿದ ಹಾಗೆ ನೇರ ಡಿಸ್ಕಿಗೆ ಬರೆದಿದ್ದರೆ ಅದು ಡೇಟಾ ಡಿಸ್ಕ್. ಎಷ್ಟೋ ಹಳೆಯ ಪ್ಲೇಯರ್ ಅದನ್ನು ಮುಟ್ಟುವುದೇ ಇಲ್ಲ. ನಿಮ್ಮ ಡಿಸ್ಕಿನಲ್ಲಿ ಟಿಎಸ್ ಫೋಲ್ಡರುಗಳು ಇರುವುದರಿಂದ ಆ ತಪ್ಪು ಆಗಿಲ್ಲ.

ಫೋನಿನ ವಿಡಿಯೋದಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಧ್ವನಿ ಬಂದ ಮೇಲೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಶುರುವಿನಿಂದ ಕೊನೆಯವರೆಗೆ ಒಂದೇ ಅಂತರ ಇದ್ದರೆ ಧ್ವನಿಯನ್ನು ಅಷ್ಟು ಹಿಂದೆ-ಮುಂದೆ ಸರಿಸಿದರೆ ಆಯಿತು. ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಹೆಚ್ಚಾಗಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಕಾರಣ. ಫೋನು ಬೆಳಕಿಗೆ ತಕ್ಕ ಹಾಗೆ ಫ್ರೇಮ್ ರೇಟನ್ನು ಏರಿಳಿಸುತ್ತದೆ. ಪ್ಯಾಲ್ ಡಿವಿಡಿಗೆ ಸ್ಥಿರವಾದ 25 ಬೇಕು. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಮೊದಲು 25 ಫ್ರೇಮಿಗೆ, ಸ್ಥಿರ ಅಂತ ಆರಿಸಿ ಬದಲಾಯಿಸಿಕೊಳ್ಳಿ. ಅದು ಕೊಡುವುದು ಎಂಪಿ4ನಂಥ ಫೈಲನ್ನು, ಡಿವಿಡಿಯನ್ನಲ್ಲ. ಆಮೇಲೆ ಡಿವಿಡಿಸ್ಟೈಲರ್‌ಗೆ ಕೊಡಿ.

ಕಳಿಸುವ ಮೊದಲು ಐದು ನಿಮಿಷದ ತುಣುಕನ್ನು ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕಿಗೆ ಹಾಕಿ, ಟಿವಿಗೆ ಜೋಡಿಸಿದ ಪ್ಲೇಯರಿನಲ್ಲೇ ನೋಡಿ. ಕೆಲವು ಹಳೆಯ ಪ್ಲೇಯರ್ ಆರ್‌ಡಬ್ಲ್ಯೂ ಓದುವುದಿಲ್ಲ, ಅಂಥಲ್ಲಿ ಮಾಮೂಲಿ ಡಿಸ್ಕನ್ನೇ ಬಳಸಿ. ಶಬ್ದ ಒಂದೇ ಸ್ಪೀಕರಿನಲ್ಲಿ ಬಂದರೆ ಪುರೋಹಿತರಿಗೆ ಸಿಕ್ಕಿಸಿದ ಕಾಲರ್ ಮೈಕು ಒಂದೇ ಚಾನೆಲಿಗೆ ರೆಕಾರ್ಡ್ ಆಗಿರಬಹುದು. ಆಗ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆ ಚಾನೆಲನ್ನು ಎರಡೂ ಕಡೆಗೆ ಹಾಕಿ, ಆಮೇಲೆ ಎಸಿ-3 ಮಾಡಿ.